ತುಂಬಿದ ಬಸುರಿಯ ಮುಂದೆ ಆಡಬಾರದ ಮಾತು

ಮೊನ್ನೆ ಶುಕ್ರವಾರ ಸಂಜೆ ಇಂದಿರಾನಗರದ ಒಂದು ಅಂಗಡಿಗೆ ಹೋಗಿದ್ದೆ. ಅಣ್ಣನ ಸೊಸೆ ಪೂಜಾಳಿಗೆ ಭಾನುವಾರ ಸೀಮಂತವಿತ್ತು, ಏನಾದರೂ ಉಡುಗೊರೆ ಕೊಳ್ಳಬೇಕಿತ್ತು. ಅಲ್ಲಿ ಬಾಣಂತಿ ಖಾರವನ್ನು ಗಾಜಿನ ಜಾಡಿಗಳಿಗೆ ತುಂಬಿ, ಕುತ್ತಿಗೆಗೆ ಸೆಣಬಿನ ದಾರ ಕಟ್ಟಿ, ಸಾಲಾಗಿ ಜೋಡಿಸಿಟ್ಟಿದ್ದರು. ಅಂಗಡಿಯ ಹುಡುಗಿ ವಾಸನೆ ನೋಡಿ ಮೇಡಂ ಎನ್ನುತ್ತ ಒಂದರ ಮುಚ್ಚಳ ತೆಗೆದಳು. ಕರಿಮೆಣಸು, ಹಿಪ್ಪಲಿ, ಒಣಶುಂಠಿ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ಆ ವಾಸನೆಗೆ ನಿಮಗಾದರೆ ಬಾಯಲ್ಲಿ ನೀರೂರಬಹುದು, ನಿಮ್ಮಜ್ಜಿಯ ನೆನಪಾಗಬಹುದು. ನನಗೆ ಸಿಟ್ಟು ಬರುತ್ತದೆ. ಅಂಗಾಲಿನಿಂದ ಹೊರಟು ನೆತ್ತಿಗೆ ಹತ್ತುವಂಥ ಸಿಟ್ಟು. ಮುಚ್ಚಮ್ಮ ಅದನ್ನ ಎಂದು ಗದರಿಬಿಟ್ಟೆ. ಪಾಪ, ತಾನೇನು ತಪ್ಪು ಮಾಡಿದೆನೋ ಎಂದು ಆ ಹುಡುಗಿ ಕಣ್ಣು ಬಿಟ್ಟಳು. ಅವಳದೇನೂ ತಪ್ಪಿರಲಿಲ್ಲ. ಯಾರದು ಎನ್ನುವುದನ್ನು ನಿಮಗೆ ಹೇಳುತ್ತೇನೆ, ಸ್ವಲ್ಪ ಆಚೀಚೆ ಹೋದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನನ್ನ ಪರಿಚಯ. ಹಲಸೂರಿನ ಕಡೆಯ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಆರೋಗ್ಯ ಸಹಾಯಕಿ. ಎದುರಿಗೆ ಸಿಸ್ಟರ್ ಅನ್ನುತ್ತಾರೆ, ಜೋಗುಪಾಳ್ಯದ ಗಲ್ಲಿಗಳಲ್ಲಿ ಬೆನ್ನ ಹಿಂದೆ ಕಾಪರ್-ಟಿ ಆಂಟಿ ಅನ್ನುತ್ತಾರೆ. ಗಂಟಲು ದೊಡ್ಡದು. ಸಾರಿಗೆ ಉಪ್ಪು ಸಾಕಾ ಎಂದು ನಾನು ಅಡುಗೆಮನೆಯಿಂದ ಕೇಳಿದರೆ ಮೂರನೆಯ ಮನೆಯವರು ಸಾಕು ಎನ್ನುತ್ತಾರಂತೆ. ಇದು ನನ್ನ ಗಂಡನ ಮಾತು. ಇಂಥ ಗಂಟಲಿಗೆ ಸರ್ಕಾರ ತಕ್ಕ ಕೆಲಸವನ್ನೇ ಕೊಟ್ಟಿದೆ. ಗುರುವಾರ ನಮ್ಮಲ್ಲಿ ಬಸುರಿಯರ ದಿನ. ರಕ್ತ ಪರೀಕ್ಷೆಗೆ, ತೂಕಕ್ಕೆ, ಮಾತ್ರೆಗೆ ಬಂದವರು ಹಜಾರದ ಬೆಂಚುಗಳ ಮೇಲೆ ಕೂತಿರುತ್ತಾರೆ, ನಾನು ಅವರ ಮುಂದೆ ಚಿತ್ರದ ಹಾಳೆಗಳನ್ನು ಮಗುಚುತ್ತ ಕುಟುಂಬ ಯೋಜನೆಯ ಪಾಠ ಮಾಡುತ್ತೇನೆ.

ಪಾಠವೆಂದರೆ ಶಾಲೆಯ ಪಾಠವಲ್ಲ. ಕನ್ನಡದಲ್ಲಿ ಶುರುವಾದ ವಾಕ್ಯ ತಮಿಳಿನಲ್ಲಿ ಹೊರಳಿ ಉರ್ದುವಿನಲ್ಲಿ ಮುಗಿಯುತ್ತದೆ. ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಗರ್ಭಕೋಶ ಯಾರೋ ಬೀಳಿಸಿ ಒಡೆದುಹೋಯಿತು, ಬದಲಿ ಬರಲೇ ಇಲ್ಲ. ಅವತ್ತಿನಿಂದ ನನ್ನ ಚಿಲ್ಲರೆ ಪರ್ಸಿನ ಜಿಪ್ ತೆಗೆದು, ಕಾಪರ್-ಟಿ ಹೀಗೆ ಒಳಗೆ ಕೂರುತ್ತದೆ ಎಂದು ತೋರಿಸುತ್ತೇನೆ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಾರೆ. ನಗಲಿ, ನಕ್ಕವರಿಗೆ ನೆನಪಿರುತ್ತದೆ. ನಿರೋಧ್, ಮೂರು ತಿಂಗಳಿಗೊಂದು ಇಂಜೆಕ್ಷನ್, ಹಾಲುಣಿಸುವವರೂ ನುಂಗಬಹುದಾದ ಮಾತ್ರೆ, ಯಾವುದಕ್ಕೂ ನನಗೆ ನಾಲಿಗೆ ತಡವರಿಸುವುದಿಲ್ಲ.

ಬಸುರಿಯರಿಗೆ ಯಾಕೆ ಈ ಪಾಠ, ಅವರು ಆಗಲೇ ಬಸುರಿಯಾಗಿ ಕೂತಿದ್ದಾರಲ್ಲ ಎಂದು ನೀವು ಕೇಳಬಹುದು. ಬಹಳ ಜನ ಕೇಳುತ್ತಾರೆ, ಕೆಲವರು ಕಿಸಕ್ಕೆಂದು ನಕ್ಕೂ ಕೇಳುತ್ತಾರೆ. ಅದೇ ಸರಿಯಾದ ಹೊತ್ತು, ಸ್ವಾಮಿ. ಹೆರಿಗೆ ಮೇಜಿನ ಮೇಲೆ ನೋವು ತಿನ್ನುತ್ತಿರುವವಳನ್ನು ಮುಂದೇನಮ್ಮ ಎಂದು ಕೇಳಿದರೆ ಅದು ಕೇಳಿದ ಹಾಗಲ್ಲ. ಕೂಸು ಕೈಗೆ ಬಂದ ಮೇಲೆ ಅವಳಿಗೆ ಒಂದು ಗಳಿಗೆ ನಿದ್ದೆ ಇರುವುದಿಲ್ಲ. ಹೊಟ್ಟೆಯಲ್ಲಿ ಮಗು ಇರುವಾಗಲೇ, ತಲೆ ತಣ್ಣಗಿರುವಾಗಲೇ, ಕೇಳಿ ತಿಳಿದು ನಿರ್ಧಾರ ಮಾಡಿಟ್ಟುಕೊಳ್ಳಬೇಕು. ಹಾಗೆ ಮಾಡಿಕೊಂಡವಳು ಹೆರಿಗೆಯಾದ ಎರಡು ದಿನದೊಳಗೇ ಕಾಪರ್-ಟಿ ಹಾಕಿಸಿಕೊಂಡು ನಿಶ್ಚಿಂತೆಯಾಗಿ ಮನೆಗೆ ಹೋಗಬಹುದು. ಇಷ್ಟನ್ನು ಸಾವಿರಾರು ಹೆಂಗಸರಿಗೆ ಹೇಳಿದ್ದೇನೆ. ಒಬ್ಬಳಿಗೆ ಮಾತ್ರ ಹೇಳಲಿಲ್ಲ. ಅವಳು ನನ್ನ ಸ್ವಂತ ತಂಗಿ, ವಿಜಿ.

ವಿಜಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಜೋಗುಪಾಳ್ಯದ ನಮ್ಮ ಮನೆಯಲ್ಲಿ ಅವಳಿಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವಳು ನಾನೇ. ಓದಿನಲ್ಲಿ ಚುರುಕು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕೆ.ಆರ್. ಪುರದ ಕಡೆ ಒಂದು ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಗರ್ಭ ಕಾಯುವ ಪ್ರೊಜೆಸ್ಟರಾನ್ ಹಾರ್ಮೋನಿನ ರಚನೆಯನ್ನು, ಆ ಆರು ಮೂಲೆಯ ಮನೆಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ, ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯುತ್ತಿದ್ದಳು. ಅದೇ ಜಾತಿಯ ಹಾರ್ಮೋನು ಗರ್ಭ ತಡೆಯುವ ಮಾತ್ರೆಯಾಗಿ ತನ್ನ ಮನೆಯ ತಿರುವಿನ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಕೂಸಿಗೆ ಹಾಲುಣಿಸುತ್ತಲೇ ತಾನದನ್ನು ನುಂಗಬಹುದು ಎನ್ನುವುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮದುವೆಯಾಗಿ ವಿಮಾನಪುರದ ಕ್ವಾರ್ಟರ್ಸಿಗೆ ಹೋದಳು. ಗಂಡ ವಿಮಾನ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದವನು. ಒಳ್ಳೆಯವನು, ನಾಚಿಕೆ ಸ್ವಭಾವ.

ಒಂಬತ್ತು ವರ್ಷದ ಹಿಂದೆ ಅವಳ ಸೀಮಂತ ಕ್ವಾರ್ಟರ್ಸಿನ ಸಮುದಾಯ ಭವನದಲ್ಲಿ ನಡೆಯಿತು. ಹಸಿರು ರೇಷ್ಮೆ ಸೀರೆ, ಮೊಣಕೈತನಕ ಹಸಿರು ಬಳೆ. ನಾನು ಬಳೆ ತೊಡಿಸುವಾಗ ಬಗ್ಗಿ ನನ್ನ ಕಿವಿಯ ಹತ್ತಿರ, ಆಮೇಲೆ ನಿನ್ನ ಹತ್ರ ಒಂದು ವಿಷಯ ಕೇಳಬೇಕು ಎಂದಳು. ಏನೇ ಅದು ಎಂದು ನನ್ನ ದೊಡ್ಡ ಗಂಟಲಲ್ಲೇ ಕೇಳಿಬಿಟ್ಟೆ. ಮಗು ಆದಮೇಲೆ ಎಂದು ಅವಳು ಶುರುಮಾಡಿದ್ದಷ್ಟೆ, ಅವಳ ಅತ್ತೆಗೆ ಕೇಳಿಸಿತು. ಆಕೆ ನಯವಾದ ಹೆಂಗಸು, ಬೈಯುವಾಗಲೂ ನಗುತ್ತಾರೆ.

"ಇವತ್ತೊಂದಿನ ನಿಮ್ಮ ಡ್ಯೂಟಿ ಮಾತು ಬೇಡ ಕಣ್ರೀ. ತುಂಬಿದ ಬಸುರಿ ಮುಂದೆ ಅದೆಲ್ಲ ಆಡ್ಬಾರ್ದು."

ನನ್ನ ತಾಯಿ ಹೌದು ಹೌದು ಎಂದು ತಲೆಯಾಡಿಸಿದರು. ಸುತ್ತ ಕೂತ ಹೆಂಗಸರೆಲ್ಲ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ನಗದೆ ಇನ್ನೇನು ಮಾಡಬೇಕಿತ್ತು ಅಂತ ಈಗಲೂ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ, ಆಮೇಲೆ ನನಗೆ ನಾನೇ ಬೈದುಕೊಳ್ಳುತ್ತೇನೆ. ಜೋಗುಪಾಳ್ಯದಲ್ಲಿ ಯಾವ ಅತ್ತೆಯಾದರೂ ಹಾಗೆ ಅಂದಿದ್ದರೆ, ಅಜ್ಜಿ ನೀವು ಸ್ವಲ್ಪ ಆಚೆ ಕೂತ್ಕೊಳಿ ಎಂದು ಕೈಹಿಡಿದು ಬಾಗಿಲ ತನಕ ಬಿಟ್ಟುಬರುತ್ತಿದ್ದೆ. ಇಲ್ಲಿ ರೇಷ್ಮೆ ಸೀರೆ ಉಟ್ಟ ಬೀಗಿತ್ತಿಯ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಹೋಳಿಗೆ ತಿಂದೆ.

ಹೆರಿಗೆ ಇಂದಿರಾನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಾಯಿತು. ಸಿಸೇರಿಯನ್, ಹೆಣ್ಣು ಮಗು. ಬಾಣಂತನಕ್ಕೆ ಜೋಗುಪಾಳ್ಯದ ತವರಿಗೆ ಬಂದಳು, ಅಂದರೆ ನನ್ನ ಆಸ್ಪತ್ರೆಯಿಂದ ನಡೆದರೆ ಹತ್ತೇ ನಿಮಿಷ. ನಾನು ಪ್ರತಿ ಸಂಜೆ ಹೋಗುತ್ತಿದ್ದೆ. ಕೂಸಿಗೆ ಎರೆದೆ, ವಿಜಿಗೆ ತಲೆ ಒರೆಸಿದೆ, ಸೊಂಟಕ್ಕೆ ಬಟ್ಟೆ ಕಟ್ಟಿದೆ, ತಾಯಿ ಕುಟ್ಟಿದ ಬಾಣಂತಿ ಖಾರವನ್ನು ತುಪ್ಪದಲ್ಲಿ ಕಲಸಿ ತುತ್ತು ಮಾಡಿ ಕೊಟ್ಟೆ. ಆರು ವಾರಕ್ಕೆ ಕೂಸಿನ ಲಸಿಕೆಯನ್ನೂ ನಾನೇ ಹಾಕಿದೆ. ಆರು ವಾರ ಎಂದರೆ ತಾಯಿಗೂ ಕುಟುಂಬ ಯೋಜನೆಯ ವಿಚಾರ ಕೇಳಲೇಬೇಕಾದ ದಿನ. ಕೂಸಿನ ತೊಡೆಗೆ ಹತ್ತಿ ಒತ್ತಿ ಹಿಡಿದುಕೊಂಡು ಅದನ್ನೂ ದಾಟಿಸಿಬಿಟ್ಟೆ. ಯಾಕೆ ಕೇಳಲಿಲ್ಲ? ಅಷ್ಟು ದೊಡ್ಡ ಆಸ್ಪತ್ರೆಯವರು ಹೇಳಿಯೇ ಇರುತ್ತಾರೆ ಅಂದುಕೊಂಡೆ. ಎಂ.ಎಸ್ಸಿ. ಓದಿದವಳಿಗೆ ಚಿತ್ರದ ಹಾಳೆ ಮಗುಚಿ ಹೇಳಬೇಕಾ ಅಂದುಕೊಂಡೆ. ಇವೆರಡೂ ನೆವ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಯಿತು. ಜಡೆ ಹಾಕಿ ಬೆಳೆಸಿದ ತಂಗಿಯ ಹತ್ತಿರ ಅವಳ ಮಂಚದ ಮಾತು ಹೇಗೆ ಆಡುವುದು? ಊರವರ ಮಂಚದ ವಿಷಯ ಮೈಕಿಲ್ಲದೆ ಸಾರುವವಳಿಗೆ ನಾಚಿಕೆಯಂತೆ, ನಾಚಿಕೆ. ಥೂ.

ಅವಳು ಇನ್ನೊಂದು ಸಲ ಕೇಳಿದಳು. ಇದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. ಐದನೆಯ ತಿಂಗಳಲ್ಲಿ ಗಂಡನ ಮನೆಗೆ ಹೊರಡುವ ಹಿಂದಿನ ದಿನ. ಮಧ್ಯಾಹ್ನ ತಾಯಿ ನಡುಮನೆಯಲ್ಲಿ ಕೂತು ತೊಟ್ಟಿಲಿನ ಹಗ್ಗ ಸುತ್ತುತ್ತಿದ್ದರು. ನಾನು ಕೂಸಿನ ಲಂಗೋಟಿ ಮಡಿಸುತ್ತಿದ್ದೆ. ವಿಜಿ ಕೂಸಿಗೆ ಹಾಲು ಕುಡಿಸುತ್ತ, ತಾಯಿಯನ್ನು ಕೇಳಿದಳು, ಕಣ್ಣು ಮಾತ್ರ ನನ್ನ ಮೇಲಿತ್ತು.

"ಅಮ್ಮ, ಅಲ್ಲಿಗೆ ಹೋದ್ಮೇಲೆ ಮತ್ತೆ ಏನಾದ್ರೂ ಆದ್ರೆ? ಡಾಕ್ಟ್ರು ಮೂರು ವರ್ಷ ಗ್ಯಾಪ್ ಬೇಕು ಅಂದಿದಾರೆ."

"ಹಾಲು ಕುಡಿಸೋ ತನಕ ಏನೂ ಆಗಲ್ಲ ಬಿಡೆ. ನಿಮ್ಮನ್ನೆಲ್ಲ ನಾನು ಹಾಗೇ ಬೆಳೆಸ್ಲಿಲ್ವಾ?"

ಆ ಮಾತು ನನ್ನ ಚಿತ್ರದ ಹಾಳೆಗಳಲ್ಲಿ ನಾಲ್ಕನೆಯದು. ಪ್ರತಿ ಗುರುವಾರ ಅದನ್ನು ಹಿಡಿದು ಗಂಟಲು ಹರಿದುಕೊಳ್ಳುತ್ತೇನೆ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಬರೀ ಎದೆಹಾಲೇ ಆಗಿರಬೇಕು, ಮುಟ್ಟು ಮರಳಿರಬಾರದು, ಮೂರರಲ್ಲಿ ಒಂದು ತಪ್ಪಿದರೂ ನಂಬಬೇಡಿ ಎಂದು. ವಿಜಿಯ ಕೂಸಿಗೆ ಹಾಲು ಸಾಲದು ಎಂದು ಎರಡನೆಯ ತಿಂಗಳಿನಿಂದಲೇ ಪುಡಿಹಾಲು ಕೊಡುತ್ತಿದ್ದರು. ಅದನ್ನು ಬೆರೆಸಿ ಬಾಟಲಿಗೆ ತುಂಬುತ್ತಿದ್ದವಳೂ ನಾನೇ. ಎಲ್ಲ ಗೊತ್ತಿದ್ದೂ ನಾನು ಲಂಗೋಟಿ ಮಡಿಸಿದೆ. ಒಂದರ ಮೇಲೊಂದು, ಅಂಚಿಗೆ ಅಂಚು ಕೂಡಿಸಿ, ನೀಟಾಗಿ ಮಡಿಸಿಟ್ಟೆ. ವಿಜಿ ಒಂದು ಗಳಿಗೆ ನನ್ನನ್ನು ನೋಡಿದಳು. ನಾನು ಸುಮ್ಮನಿದ್ದದ್ದನ್ನು ನೋಡಿ, ತಾಯಿ ಹೇಳಿದ್ದು ಸರಿಯಿರಬೇಕು ಅಂದುಕೊಂಡಳು. ಬೇರೆ ಏನು ಅಂದುಕೊಳ್ಳಬೇಕಿತ್ತು? ಮನೆಯಲ್ಲೇ ಸಿಸ್ಟರ್ ಕೂತಿದ್ದಾಳೆ, ತಪ್ಪಾಗಿದ್ದರೆ ಹೇಳುತ್ತಿರಲಿಲ್ಲವೇ?

ಅವಳು ಹೋದಳು. ಕೂಸಿಗೆ ರಾಗಿ ಸರಿ ಶುರುವಾಯಿತು, ಹಾಲುಣಿಸುವುದು ಕಡಿಮೆಯಾಯಿತು. ಮುಟ್ಟು ಒಂದು ಸಲವೂ ಬಂದಿರಲಿಲ್ಲವಾದ್ದರಿಂದ ತಪ್ಪಿತು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಹೊಟ್ಟೆ ಉಬ್ಬರ ಎಂದು ಓಮದ ನೀರು ಕುಡಿಯುತ್ತಿದ್ದಳು. ಹೊಟ್ಟೆಯೊಳಗೆ ಏನೋ ಅಲುಗಾಡಿದಾಗ ಆಸ್ಪತ್ರೆಗೆ ಹೋದಳು. ಆಗಲೇ ಐದು ತಿಂಗಳು ನಡೆಯುತ್ತಿತ್ತು. ಹೊಲಿಗೆ ಬಿದ್ದ ಗರ್ಭಕೋಶ ಇನ್ನೂ ಸರಿಯಾಗಿ ಮಾಗಿರಲಿಲ್ಲ. ಇಷ್ಟು ಓದಿದೀರ, ಇಷ್ಟೂ ಗೊತ್ತಾಗಲ್ವಾ ಎಂದು ಡಾಕ್ಟರು ಅವಳಿಗೇ ಬೈದರಂತೆ. ಅದನ್ನು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಓದಿದವರಿಗೆ ಗೊತ್ತಿರುತ್ತದೆ ಎಂದು ಯಾರು ಹೇಳಿದ್ದು? ಯಾವ ಕ್ಲಾಸಿನಲ್ಲಿ ಕಲಿಸುತ್ತಾರೆ, ಯಾವ ಪರೀಕ್ಷೆಗೆ ಬರುತ್ತದೆ? ನಮ್ಮ ಬೆಂಚಿನ ಮೇಲೆ ಕೂತು ಹೋದ, ಹೆಬ್ಬೆಟ್ಟು ಒತ್ತುವ ಹೆಂಗಸಿಗೆ ಗೊತ್ತಿರುವುದು ಎ.ಸಿ. ರೂಮಿನಲ್ಲಿ ಹೆತ್ತವಳಿಗೆ ಗೊತ್ತಿರುವುದಿಲ್ಲ. ಬಡವರಿಗೆ ತಿಳುವಳಿಕೆ ಕಡಿಮೆ, ಅವರಿಗೆ ಹೇಳಬೇಕು; ನಮ್ಮಂಥವರಿಗೆ ಅದೆಲ್ಲ ಬೇಕಿಲ್ಲ ಎನ್ನುವ ಈ ಅಹಂಕಾರ ಇದೆಯಲ್ಲ, ಅದರ ಕೆನ್ನೆಗೆ ಬಾರಿಸಬೇಕು. ಮೊದಲ ಏಟು ನನ್ನ ಕೆನ್ನೆಗೇ ಬೀಳಲಿ.

ಅವಳ ಗಂಡನನ್ನು ಕರೆದು ಕೇಳಿದೆ, ನೀನಾದರೂ ಏನಾದರೂ ಉಪಯೋಗಿಸಬಾರದಿತ್ತೇ ಎಂದು. ತಲೆ ತಗ್ಗಿಸಿ ನಿಂತ. ಆಮೇಲೆ ಹೇಳಿದ: ಕ್ವಾರ್ಟರ್ಸಿನ ಔಷಧಿ ಅಂಗಡಿಯವನು ಕ್ಲಬ್ಬಿನಲ್ಲಿ ತನ್ನ ಜೊತೆ ಕೇರಂ ಆಡುತ್ತಾನೆ, ಅವನ ಹತ್ತಿರ ಹೇಗೆ ಕೇಳುವುದು ಎಂದು. ಕಾರ್ಖಾನೆಯಲ್ಲಿ ಒಂದೊಂದು ರಿವೆಟ್ಟನ್ನೂ ಟಾರ್ಚು ಬಿಟ್ಟು ಮೂರು ಸಲ ನೋಡುವ ಮನುಷ್ಯ ಇವನು. ಒಂದು ಮೊಳೆ ಸಡಿಲವಿದ್ದರೆ ವಿಮಾನವನ್ನೇ ಬಿಡುವುದಿಲ್ಲ. ನನಗೆ ಬಾಯಿಗೆ ಬಂದದ್ದೆಲ್ಲ ಬೈಯಬೇಕೆನಿಸಿತು, ಬೈದೆ ಕೂಡ. ಬೈದು ಮುಗಿದ ಮೇಲೆ, ನಾನೂ ಇವನ ಹಾಗೇ ಅಲ್ಲವೇ ಎಂಬುದು ತಟ್ಟಿತು. ಅವಳ ಅತ್ತೆ ಮಾತ್ರ ಸಂತೋಷವಾಗಿದ್ದರು. ಈ ಸಲ ಗಂಡೇ ಆಗುತ್ತೆ ನೋಡಿ ಎಂದು ನನಗೆ ಕಾಫಿ ಕೊಟ್ಟರು.

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಹಳೆಯ ಹೊಲಿಗೆಯ ಜಾಗ ಬಿಟ್ಟುಕೊಂಡಿತು. ವಿಜಿ ಕಾಲೇಜಿಗೆ ಹೊರಡಲು ಸೀರೆ ಉಡುತ್ತಿದ್ದವಳು ಹಾಗೇ ಕುಸಿದಳಂತೆ. ಮಗು ಉಳಿಯಲಿಲ್ಲ. ರಕ್ತ ನಿಲ್ಲಲಿಲ್ಲವಾದ್ದರಿಂದ ಗರ್ಭಕೋಶವನ್ನೇ ತೆಗೆದರು. ವಿಜಿ ಉಳಿದಳು. ಉಳಿದಳಲ್ಲ, ಅಷ್ಟು ಸಾಕು ಎಂದು ಎಲ್ಲರೂ ಹೇಳಿದರು. ಹೇಳಿದವರೆಲ್ಲ ಮನೆಗೆ ಹೋಗಿ ಊಟ ಮಾಡಿದರು. ಅವಳಿಗೆ ಆಗ ಮೂವತ್ತಮೂರು ವರ್ಷ.

ಐದನೆಯ ದಿನ ಅವಳು ಮೊದಲ ಹೆರಿಗೆಯ ಫೈಲನ್ನು ಮನೆಯಿಂದ ತರಿಸಿಕೊಂಡಳು. ಹಾಸಿಗೆಯ ಮೇಲೆ ಒರಗಿ ಒಂದೊಂದು ಹಾಳೆಯನ್ನೂ ಓದುತ್ತ ಬಂದವಳು ಕೊನೆಯ ಹಾಳೆಯ ಒಂದು ಸಾಲಿನ ಕೆಳಗೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದಳು. ಇಂಗ್ಲಿಷಿನಲ್ಲಿ ಅಚ್ಚಾಗಿತ್ತು: ಗರ್ಭನಿರೋಧಕದ ಬಗ್ಗೆ ಸಲಹೆ ನೀಡಲಾಗಿದೆ.

"ಅಕ್ಕ, ಇದನ್ನ ನಂಗೆ ಯಾವತ್ತು ಹೇಳಿದ್ರು?"

ಯಾವತ್ತೂ ಹೇಳಿರಲಿಲ್ಲ. ಎಲ್ಲರ ಫೈಲಿನಲ್ಲೂ ಆ ಸಾಲು ತಾನಾಗಿ ಅಚ್ಚಾಗಿ ಬರುತ್ತದೆ. ನನಗೆ ತಲೆ ಕೆಟ್ಟುಹೋಯಿತು. ಫೈಲು ಕಸಿದುಕೊಂಡು, ಚಪ್ಪಲಿ ಮೆಟ್ಟಿ, ಆ ಮೊದಲ ಆಸ್ಪತ್ರೆಗೆ ಆಟೋದಲ್ಲಿ ಹೋದೆ. ಆ ಗಾಜಿನ ಬಾಗಿಲಿನೊಳಗೆ ಸರ್ಕಾರಿ ಸಿಸ್ಟರೊಬ್ಬಳು ಎಷ್ಟು ಕಿರುಚಬಹುದೋ ಅಷ್ಟು ಕಿರುಚಿದೆ. ರಿಸೆಪ್ಷನ್ನಿನಲ್ಲಿ ಕೂತವಳು ನೀರು ತಂದುಕೊಟ್ಟು, ದೂರಿನ ಫಾರಂ ಒಂದನ್ನು ಮುಂದಿಟ್ಟಳು. ತುಂಬಿ ಕೊಟ್ಟು ಬಂದೆ. ಉತ್ತರ ಬರಲಿಲ್ಲ, ಬರುತ್ತದೆ ಎಂದು ನಾನೂ ನಂಬಿರಲಿಲ್ಲ.

ಆ ವಾರದ ಗುರುವಾರ ಡ್ಯೂಟಿಗೆ ಹೋದೆ. ಪಾಠ ಮುಗಿಸಿ ರಿಜಿಸ್ಟರು ತುಂಬಲು ಕೂತೆ. ಬಂದವರ ಹೆಸರಿನ ಮುಂದೆ ಕೊನೆಯಲ್ಲಿ ಒಂದು ಅಂಕಣವಿದೆ, ಕುಟುಂಬ ಯೋಜನೆ ಸಲಹೆ ನೀಡಲಾಗಿದೆ ಎಂದು. ಅಲ್ಲಿ ಮೇಲಿನಿಂದ ಕೆಳಗಿನ ತನಕ ಸರಸರ ಟಿಕ್ ಹಾಕುವುದು ನನ್ನ ಅಭ್ಯಾಸ. ನಾಲ್ಕು ಟಿಕ್ ಹಾಕಿದವಳು ಪೆನ್ನು ನಿಲ್ಲಿಸಿದೆ. ಈ ಐದನೆಯವಳು ನಾನು ಮಾತಾಡುವಾಗ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದಳಲ್ಲ. ಆರನೆಯವಳು ರಕ್ತ ಕೊಡಲು ಹೋಗಿದ್ದಳು. ಏಳನೆಯವಳಿಗೆ ನಾನು ಕೇಳಿದ್ದಕ್ಕೆಲ್ಲ ಅವಳ ಅತ್ತೆ ಉತ್ತರ ಕೊಟ್ಟಿದ್ದಳು. ಇಂದಿರಾನಗರದವರು ಅಚ್ಚು ಹಾಕುತ್ತಾರೆ, ನಾನು ಕೈಯಲ್ಲಿ ಬರೆಯುತ್ತೇನೆ, ಅಷ್ಟೇ ವ್ಯತ್ಯಾಸ. ಅವತ್ತಿನಿಂದ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಜೊತೆಯಲ್ಲಿ ಬಂದವರನ್ನು ಹೊರಗೆ ಕೂರಿಸಿ, ಏನು ತಿಳಿಯಿತು ಎಂದು ಅವರ ಬಾಯಲ್ಲೇ ಹೇಳಿಸಿ ಆಮೇಲೆ ಟಿಕ್ ಹಾಕುತ್ತೇನೆ. ಮಧ್ಯಾಹ್ನದ ಊಟ ಮೂರು ಗಂಟೆಗೆ ಹೋಗುತ್ತದೆ. ಟಿಕ್‌ಗಳು ಕಡಿಮೆಯಾದವೆಂದು ಮೇಲಿನವರು ಮೆಮೊ ಕೊಟ್ಟರು. ಕೊಡಲಿ.

ವಿಜಿಯ ಹತ್ತಿರ ಈ ವಿಷಯ ಮತ್ತೆ ಯಾವತ್ತೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಹಬ್ಬಕ್ಕೆ ಬರುತ್ತಾಳೆ, ಮಗಳನ್ನು ನನ್ನ ಮಡಿಲಿಗೆ ಹಾಕುತ್ತಾಳೆ, ಕ್ಲಾಸಿನ ಕಥೆ ಹೇಳುತ್ತಾಳೆ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಇನ್ನು ಭಾನುವಾರದ ಮಾತು. ಅಣ್ಣನ ಮನೆ ಹೊರಮಾವಿನ ಒಂದು ಅಪಾರ್ಟ್‌ಮೆಂಟಿನಲ್ಲಿದೆ, ಸೀಮಂತ ಅಲ್ಲಿನ ಪಾರ್ಟಿ ಹಾಲಿನಲ್ಲಿತ್ತು. ಪೂಜಾ ಹೂವಿನ ಕುರ್ಚಿಯಲ್ಲಿ ಕೂತಿದ್ದಳು. ಅತ್ತಿಗೆ ಬಳೆಯ ತಟ್ಟೆ ಹಿಡಿದು ಮುತ್ತೈದೆಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತಿದ್ದರು. ನನ್ನನ್ನು ಕರೆದರು, ಪಕ್ಕದ ಮನೆಯವರನ್ನು ಕರೆದರು, ನಿನ್ನೆ ಮೊನ್ನೆ ಪರಿಚಯವಾದವರನ್ನು ಕರೆದರು. ವಿಜಿಯನ್ನು ಕರೆಯಲಿಲ್ಲ. ಮಕ್ಕಳಿಗೆ ಸ್ವಲ್ಪ ಜ್ಯೂಸ್ ಕೊಡ್ತಿರು ವಿಜಿ ಎಂದು ಮೆಲ್ಲಗೆ ಆಚೆ ಕಳಿಸಿದರು. ಮಗು ಕಳೆದುಕೊಂಡವಳು, ಗರ್ಭಕೋಶವಿಲ್ಲದವಳು, ಬಸುರಿಗೆ ಬಳೆ ತೊಡಿಸಬಾರದಂತೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವಳನ್ನು ಆ ಗತಿಗೆ ತಂದವರು ನಾವು, ಈಗ ಅವಳೇ ಅಪಶಕುನ.

ವಿಜಿ ಜ್ಯೂಸಿನ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹೋಗಿ ಪೂಜಾಳ ಎದುರಿಗೇ ಕೂತಳು. ಕ್ಲಾಸಿನಲ್ಲಿ ಕೊನೆಯ ಬೆಂಚಿಗೂ ಕೇಳಿಸುವಂಥ ಅವಳ ದನಿ ನಾನು ಆವರೆಗೆ ಕೇಳಿರಲಿಲ್ಲ.

"ಪೂಜಾ, ಈ ಮಗು ಆದ್ಮೇಲೆ ಇನ್ನೊಂದು ಬೇಗ ಆಗ್ದೆ ಇರೋಕೆ ಏನು ಮಾಡ್ಬೇಕು ಅಂತ ನಿಂಗೆ ಯಾರಾದ್ರೂ ಹೇಳಿದಾರಾ?"

ಅತ್ತಿಗೆಯ ಕೈಯಲ್ಲಿ ತಟ್ಟೆ ಹಾಗೇ ನಿಂತಿತು. ನನ್ನ ತಾಯಿ, ಎಪ್ಪತ್ತೆಂಟು ವರ್ಷದ ನನ್ನ ತಾಯಿ, ಇವತ್ತು ಬೇಡ ಕಣೆ ಎಂದರು. ವಿಜಿ ತಿರುಗಿಯೂ ನೋಡಲಿಲ್ಲ.

ಪೂಜಾ ಅತ್ತಿತ್ತ ನೋಡಿದಳು. ಆಮೇಲೆ ಇಲ್ಲ ಅತ್ತೆ ಎಂದಳು. ಡಾಕ್ಟರನ್ನು ಕೇಳೋಣವೆಂದರೆ ಪ್ರತಿ ಸಲವೂ ತನ್ನ ತಾಯಿಯೋ ಅತ್ತೆಯೋ ಪಕ್ಕದಲ್ಲಿರುತ್ತಾರೆ, ಯಾರನ್ನು ಕೇಳುವುದೆಂದು ತಿಳಿಯಲಿಲ್ಲ ಎಂದಳು.

ಆಗ ವಿಜಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿತ್ತು. ನಾನು ಅಷ್ಟು ವರ್ಷ ಕಾದಿದ್ದ ಸಿಟ್ಟು.

"ಅಕ್ಕ, ಹೇಳು. ಎಲ್ರ ಮುಂದೆ ಹೇಳು."

ನಾನು ಎದ್ದು ನಿಂತೆ. ಚಿಲ್ಲರೆ ಪರ್ಸು ಕೈಗೆತ್ತಿಕೊಂಡು ಜಿಪ್ ತೆಗೆದೆ. ಹೇಳಿದೆ. ಕಾಪರ್-ಟಿ, ಇಂಜೆಕ್ಷನ್, ಮಾತ್ರೆ, ನಿರೋಧ್, ಹಾಲುಣಿಸುವವಳು ಯಾವುದನ್ನು ನಂಬಬೇಕು ಯಾವುದನ್ನು ನಂಬಬಾರದು, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಇಬ್ಬರು ಎದ್ದು ಹೊರಗೆ ಹೋದರು. ಉಳಿದವರು ಕೂತರು. ಪೂಜಾ ನಡುನಡುವೆ ಪ್ರಶ್ನೆ ಕೇಳುತ್ತಿದ್ದಳು. ಅವಳ ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತು, ಒಂದು ಮಾತೂ ಬಿಡದೆ, ನನ್ನ ತಂಗಿಯೂ ಕೇಳಿಸಿಕೊಂಡಳು.